ಓದುಗರ ಪ್ರಶ್ನೆಗಳಿಗೆ ಉತ್ತರ: ಕಸೂತಿಯ ಗೋಪುರ ಬೆಳ್ಳಿಗೆ ಇಳಿಯುವ ಬಗೆ

ಸೀರೆಯ ಅಂಚು, ಸೆರಗು, ಕಸೂತಿಗಳಲ್ಲಿರುವ ಚಿತ್ತಾರಗಳನ್ನು ಇಂದಿನ ಒಡವೆಗಳಿಗೆ ಅಳವಡಿಸುವ ಕುರಿತು ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮೊದಲ ಪ್ರಶ್ನೆಯ ಉತ್ತರ ಉಳಿದವುಗಳಿಗಿಂತ ಉದ್ದವಾಗಿದೆ. ಮುಂದಿನ ಉತ್ತರಗಳಲ್ಲಿ ಹಲವು ಅದನ್ನೇ ಆಧರಿಸಿರುವುದರಿಂದ ಮೊಟಕುಗೊಳಿಸಲು ಮನಸ್ಸಾಗಲಿಲ್ಲ.

ಪ್ರಶ್ನೆ: ನಾನು ಆಭರಣ ವಿನ್ಯಾಸ ಕಲಿಯುತ್ತಿದ್ದೇನೆ. ನಮ್ಮ ಅಜ್ಜಿಯ ಕಪ್ಪು ನೆಲದ ಚಂದ್ರಕಾಳಿ ಸೀರೆಯ ಮೇಲಿನ ಕಸೂತಿ ಗೋಪುರದ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಅದರ ಗೆರೆ ಬಿಡಿಸಿ, ಬೆಳ್ಳಿಯ ಪದಕ ಮಾಡಿಸಿದೆ. ಕೆಲಸ ಅಚ್ಚುಕಟ್ಟಾಗಿದ್ದರೂ ಅದನ್ನು ನೋಡಿದ ಯಾರಿಗೂ ಕಸೂತಿಯ ನೆನಪಾಗುತ್ತಿಲ್ಲ, ಬರೀ ದೇವಸ್ಥಾನದ ಚಿತ್ರದಂತೆ ಕಾಣುತ್ತದೆ. ಎಲ್ಲಿ ತಪ್ಪಿದೆ? — ವಿದ್ಯಾರ್ಥಿನಿ, ಧಾರವಾಡ

ನೀವು ಗೋಪುರದ ಆಕಾರವನ್ನು ಬೆಳ್ಳಿಗೆ ತಂದಿದ್ದೀರಿ, ಆದರೆ ಆ ಆಕಾರ ಹುಟ್ಟಿದ ಲೆಕ್ಕ ಸೀರೆಯಲ್ಲೇ ಉಳಿದಿದೆ. ಕಸೂತಿ ಹಾಕುವವರು ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವುದಿಲ್ಲ. ಹಾಸಿನ ಎಳೆ, ಹೊಕ್ಕಿನ ಎಳೆಗಳನ್ನು ಎಣಿಸುತ್ತ, ಇಷ್ಟು ಎಳೆಗೆ ಒಂದು ಹೊಲಿಗೆ ಎಂಬ ಲೆಕ್ಕದಲ್ಲಿ ಸೂಜಿಯನ್ನು ಏರಿಸಿ ಇಳಿಸುತ್ತಾರೆ. ಆದ್ದರಿಂದ ಗೆರೆಯು ಅಡ್ಡವಾಗಿ, ಉದ್ದವಾಗಿ, ಇಲ್ಲವೇ ಮೂಲೆಯಿಂದ ಮೂಲೆಗೆ ಓರೆಯಾಗಿ ಸಾಗಬಲ್ಲದೇ ಹೊರತು ನಿಜವಾಗಿ ಬಾಗಲಾರದು. ಗೋಪುರದ ಎರಡು ಮಗ್ಗುಲೂ ಮೆಟ್ಟಿಲು ಮೆಟ್ಟಿಲಾಗಿ ಏರುವುದು, ಆನೆಯ ದುಂಡನೆಯ ಬೆನ್ನು ಕೂಡ ಸಣ್ಣ ಸಣ್ಣ ಮೂಲೆಗಳಿಂದ ಕೂಡಿರುವುದು ಈ ಕಾರಣದಿಂದ. ನಿಮ್ಮ ಕಂಪ್ಯೂಟರ್ ಆ ಮೆಟ್ಟಿಲುಗಳನ್ನು ಫೋಟೊದ ದೋಷವೆಂದು ಎಣಿಸಿ ನಯಗೊಳಿಸಿರಬೇಕು. ಮೆಟ್ಟಿಲು ಹೋದ ಮೇಲೆ ಉಳಿಯುವುದು ಯಾವ ಊರಿನದಾದರೂ ಆಗಬಹುದಾದ ಒಂದು ದೇವಸ್ಥಾನ.

ಮತ್ತೆ ಆರಂಭಿಸುವ ಮೊದಲು ಹೊಲಿಗೆಗಳನ್ನು ಹತ್ತಿರದಿಂದ ನೋಡಿ, ಸಾಧ್ಯವಾದರೆ ಭೂತಗನ್ನಡಿ ಹಿಡಿದು ನೋಡಿ. ಕಸೂತಿಯಲ್ಲಿ ಗಾವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಗಾವಂತಿಯಲ್ಲಿ ಸೂಜಿಯು ಹೋಗುವಾಗ ಒಂದು ಹೊಲಿಗೆಯ ಜಾಗ ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗುತ್ತದೆ, ಅದೇ ದಾರಿಯಲ್ಲಿ ಹಿಂತಿರುಗುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತದೆ. ಹಾಗಾಗಿ ಬಟ್ಟೆಯ ಮೇಲೂ ಅಡಿಯಲ್ಲೂ ಗೆರೆ ಒಂದೇ ರೀತಿ ಪೂರ್ಣವಾಗುತ್ತದೆ. ಮುರಗಿ ಇದೇ ಕ್ರಮದ, ಮೆಟ್ಟಿಲಿನಂತೆ ತಿರುಗುತ್ತ ಸಾಗುವ ಹೊಲಿಗೆ, ಅದೂ ಎರಡು ಕಡೆ ಒಂದೇ. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಗಳ ಕೆಳಗೇ ಅಡಗಿಸುತ್ತಾರೆ. ಹೋದ ದಾರಿಯಲ್ಲೇ ಮರಳಬೇಕಾದುದರಿಂದ, ಕವಲೊಡೆದ ಪ್ರತಿಯೊಂದು ರೆಂಬೆಯ ತುದಿಗೂ ಹೋಗಿ ಬರುವ ದಾರಿಯನ್ನು ಕಸೂತಿ ಹಾಕುವ ಹೆಣ್ಣುಮಗಳು ಮೊದಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿರಬೇಕಾಗುತ್ತದೆ. ಈ ಬುದ್ಧಿವಂತಿಕೆಗೆ ಸಲ್ಲಬೇಕಾದಷ್ಟು ಗೌರವವನ್ನು ನಮ್ಮ ವಿನ್ಯಾಸ ಶಿಕ್ಷಣ ಇನ್ನೂ ಸಲ್ಲಿಸಿಲ್ಲವೆಂದೇ ನನ್ನ ಭಾವನೆ.

ನಾನಾದರೆ ಪದಕದ ಕಲ್ಪನೆಯನ್ನು ಇಲ್ಲಿಂದಲೇ ಆರಂಭಿಸುತ್ತೇನೆ. ಗಾವಂತಿಗೆ ಹಿಂಬದಿ ಇಲ್ಲ ಎಂದ ಮೇಲೆ ಅದರಿಂದ ಹುಟ್ಟಿದ ಪದಕಕ್ಕೆ ಹಿಂಬದಿ ಏಕಿರಬೇಕು? ಸಾಮಾನ್ಯವಾಗಿ ಪದಕದ ಹಿಂದೆ ಬರೀ ತಗಡು ಇರುತ್ತದೆ, ಇಲ್ಲವೇ ಬೆಸುಗೆಯ ಗುರುತುಗಳು ಉಳಿದಿರುತ್ತವೆ. ತಗಡನ್ನು ಕೈಬಿಟ್ಟು, ಎರಡು ಮುಖವೂ ಸಮನಾಗಿ ಮುಗಿದ ತಂತಿಯ ಚೌಕಟ್ಟಿನಂತೆ ಗೋಪುರವನ್ನು ಕಟ್ಟಿದರೆ, ಸರದಲ್ಲಿ ಅದು ಯಾವ ಕಡೆ ತಿರುಗಿದರೂ ಚಿತ್ತಾರ ನೇರವಾಗಿಯೇ ಇರುತ್ತದೆ. ನಿಮ್ಮ ಅಜ್ಜಿಯ ಸೀರೆಯನ್ನು ಬಲ್ಲವರು ಅಂಥ ಪದಕವನ್ನು ಮಗುಚಿ ನೋಡಿದ ಕೂಡಲೇ ಗುರುತಿಸುತ್ತಾರೆ.

ಅಳತೆಯ ಮಾತಿಗೆ ಬರೋಣ. ಫೋಟೊ ಬದಿಗಿಟ್ಟು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಒಂದು ಹೊಲಿಗೆಗೆ ಒಂದು ಮನೆ ಎಂದು ಹಿಡಿದು, ಲೋಹದಲ್ಲಿ ಆ ಮನೆಯ ಅಗಲ 2 ಮಿಲಿಮೀಟರ್ ಇರಲಿ. ಅದಕ್ಕಿಂತ ಕಿರಿದಾದರೆ ಗೆರೆಗಳ ನಡುವಿನ ಜಾಗ ಬೆಸುಗೆಯಲ್ಲೇ ಮುಚ್ಚಿಹೋಗುತ್ತದೆ. ಗೋಪುರದ ತಳದಲ್ಲಿ 15 ಮನೆಗಳಿದ್ದು, ಪ್ರತಿ ಮೆಟ್ಟಿಲಿಗೆ ಎರಡೂ ಬದಿಯಲ್ಲಿ ಒಂದೊಂದು ಮನೆ ಕಡಿಮೆಯಾಗುತ್ತ ಹೋದರೆ, 7 ಮೆಟ್ಟಿಲು ಏರಿದ ಮೇಲೆ ನಡುವೆ ಒಂದೇ ಮನೆ ಉಳಿಯುತ್ತದೆ, ಕಳಶ ಅಲ್ಲಿ ಕೂರುತ್ತದೆ. ಅಗಲ 3 ಸೆಂಟಿಮೀಟರ್ ಆಗುತ್ತದೆ, ಪದಕಕ್ಕೆ ಇದು ಹದವಾದ ಅಳತೆ. ತಳದಲ್ಲಿ ಸಮಸಂಖ್ಯೆಯ ಮನೆಗಳನ್ನಿಟ್ಟರೆ ತುದಿಯಲ್ಲಿ ಒಂಟಿ ಮನೆ ಉಳಿಯದೆ ಕಳಶ ಲೆಕ್ಕಕ್ಕೆ ಸಿಗುವುದಿಲ್ಲ. ತಂತಿ 0.8 ಮಿಲಿಮೀಟರಿನದು ಸಾಕು. ಒಂದು ಹೊಲಿಗೆ ಮುಗಿದು ಇನ್ನೊಂದು ತೊಡಗುವ ಕಡೆ ಅರದಿಂದ ಕೂದಲೆಳೆಯಷ್ಟು ಕಚ್ಚು ಹಾಕಿಸಿ. ದೂರಕ್ಕೆ ಈ ಕಚ್ಚುಗಳು ಕಾಣವು, ಆದರೆ ಬೆಳಕು ಬಿದ್ದಾಗ ಗೆರೆಯು ಬಿಡಿ ಬಿಡಿ ಹೊಲಿಗೆಗಳಾಗಿ ಒಡೆದು ಮಿನುಗುತ್ತದೆ. ಬರೀ ತಂತಿಗೂ ದಾರದ ನೆನಪಿರುವ ತಂತಿಗೂ ಇರುವ ಅಂತರ ಅಷ್ಟೇ.

ಮೆಂತೆಯ ಹೊಲಿಗೆ ಅಡ್ಡಹಾಯ್ದ ಸಣ್ಣ ಸಣ್ಣ ಶಿಲುಬೆಗಳಿಂದ ಜಾಗ ತುಂಬುವಂಥದ್ದು, ಅದರ ಹಿಂಬದಿ ಮುಂಬದಿಯಂತೆ ಇರುವುದಿಲ್ಲ. ನಿಮ್ಮ ಗೋಪುರದ ಒಡಲನ್ನು ಮೆಂತೆಯಿಂದ ತುಂಬಿದ್ದರೆ ಆ ಭಾಗಕ್ಕೆ ಮಾತ್ರ ತಗಡು ಕೊಟ್ಟು ಮೇಲೆ ರವೆಯನ್ನು, ಅಂದರೆ ಬೆಳ್ಳಿಯ ಸಣ್ಣ ಸಣ್ಣ ಗುಂಡುಗಳನ್ನು, ಕೂರಿಸಬಹುದು. ರವೆ ಕೆಲಸ ಬಲ್ಲ ಅಕ್ಕಸಾಲಿಗರು ಕಡಿಮೆಯಾಗುತ್ತಿದ್ದಾರೆ, ಸಿಕ್ಕರೆ ಬಿಡಬೇಡಿ.

ಇನ್ನು ನೆಲದ ಬಣ್ಣ. ಚಂದ್ರಕಾಳಿಯ ಕಪ್ಪಿನ ಮೇಲೆ ಕೆಂಪು, ಹಸಿರು, ಬಿಳಿ ದಾರಗಳು ಹೊಳೆಯುವಂತೆ ಹೊಳಪು ಬೆಳ್ಳಿಯ ಮೇಲೆ ಬೆಳ್ಳಿಯ ಗೆರೆ ಹೊಳೆಯಲಾರದು. ಬೆಳ್ಳಿಯನ್ನು ಗಂಧಕದ ದ್ರಾವಣದಲ್ಲಿ ಕಪ್ಪಾಗಿಸಿ ಉಬ್ಬಿದ ಗೆರೆಯನ್ನು ಮಾತ್ರ ಉಜ್ಜಿ ತೆಗೆಯುವುದು ಸುಲಭದ ದಾರಿ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಬೀದರಿನ ಬಿದರಿ ಕೆಲಸ. ಅಲ್ಲಿ ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ದು, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ತುಂಬಿ, ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಳಿಯುತ್ತಾರೆ. ಲೋಹದ ನೆಲ ಮಾತ್ರ ಕಡುಗಪ್ಪಾಗಿ ಬೆಳ್ಳಿ ಹಾಗೆಯೇ ಬೆಳ್ಳಗೆ ಉಳಿಯುತ್ತದೆ. ಧಾರವಾಡದ ಹೊಲಿಗೆಯ ಲೆಕ್ಕ ಬೀದರಿನ ಕಪ್ಪಿನ ಮೇಲೆ ಕೂಡಿಬಂದರೆ ಅದು ಎರಡೂ ಕಸುಬುಗಳಿಗೆ ಸಲ್ಲುವ ಒಡವೆ. ಆ ಮಿಶ್ರಲೋಹವನ್ನು ತೀರ ತೆಳ್ಳಗಾಗಿಸಿದರೆ ಮುರಿಯುತ್ತದೆ ಎಂಬುದನ್ನು ಮಾತ್ರ ನೆನಪಿಡಿ. ಪದಕಕ್ಕೆ, ಅಗಲವಾದ ಕಡಗಕ್ಕೆ ಅದು ಸರಿ, ಜಾಲರಿಯಂಥ ಓಲೆಗೆ ಸಲ್ಲದು.

ತೂಕದ ಅಂದಾಜೂ ಇರಲಿ. 3 ಸೆಂಟಿಮೀಟರ್ ಚೌಕದ, 1 ಮಿಲಿಮೀಟರ್ ದಪ್ಪದ ಪೂರ್ತಿ ತಗಡು ಶೇಕಡಾ 92.5ರಷ್ಟು ಶುದ್ಧ ಬೆಳ್ಳಿಯಲ್ಲಿ ಸುಮಾರು 9 ಗ್ರಾಂ ತೂಗಿದರೆ 22 ಕ್ಯಾರೆಟ್ ಚಿನ್ನದಲ್ಲಿ ಸುಮಾರು 16 ಗ್ರಾಂ ತೂಗುತ್ತದೆ. ತಗಡಿಲ್ಲದ ತಂತಿಯ ಚೌಕಟ್ಟಾದರೆ ಇದಕ್ಕಿಂತ ಬಹಳ ಕಡಿಮೆ. ವಿದ್ಯಾರ್ಥಿಗಳು ಬೆಳ್ಳಿಯಲ್ಲೇ ಪ್ರಯೋಗ ಮಾಡುವುದು ಜಾಣತನ.

ಪ್ರಶ್ನೆ: ನಮ್ಮದು ಪತ್ತಾರಿಕೆಯ ಮನೆತನ. ಈಚೆಗೆ ಗಿರಾಕಿಗಳು ಇಳಕಲ್ ಸೀರೆಯ ಸೆರಗಿನಂಥ ಕೊರಳಹಾರ ಮಾಡಿಕೊಡಿ ಎಂದು ಕೇಳುತ್ತಿದ್ದಾರೆ. ಸೆರಗಿನ ತೆನೆ ಚಿತ್ತಾರದ ಹಲ್ಲುಗಳನ್ನು ಒಂದೇ ತಗಡಿನಲ್ಲಿ ಕೊರೆದರೆ ಕೊರಳಿಗೆ ಸರಿಯಾಗಿ ಕೂರುತ್ತಿಲ್ಲ. — ಓದುಗರು, ಬಾಗಲಕೋಟೆ ಜಿಲ್ಲೆ

ತಾವು ಹೇಳಿದ ತೊಂದರೆಗೆ ಕಾರಣ ಕೊರಳಿನ ದುಂಡು. ಸೆರಗು ನೇರವಾದ ಬಟ್ಟೆಯಾದ್ದರಿಂದ ಅಲ್ಲಿ ಹಲ್ಲುಗಳು ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲುತ್ತವೆ. ಅದೇ ಸಾಲನ್ನು ದುಂಡಗೆ ಬಗ್ಗಿಸಿದಾಗ ಬುಡಗಳು ಒತ್ತಿಕೊಂಡು ತುದಿಗಳು ದೂರ ಸರಿಯುತ್ತವೆ, ತೆನೆಯ ಬಿಗಿಯೇ ಹೋಗಿ ಸೂರ್ಯಕಿರಣದ ಚಿತ್ರದಂತಾಗುತ್ತದೆ. ಕಾಸಿನ ಸರ ಮಾಡಿದ ನಮ್ಮ ಹಿರಿಯರು ಇದಕ್ಕೆ ಉತ್ತರ ಕಂಡುಕೊಂಡಿದ್ದರು: ಪ್ರತಿ ಕಾಸಿಗೂ ಬೇರೆ ಕೊಂಡಿ. ಹಲ್ಲುಗಳನ್ನೂ ಹಾಗೆಯೇ ಬಿಡಿಯಾಗಿ ಮಾಡಿ, ತುದಿಯ ಕಡೆ ಸ್ವಲ್ಪ ಅಗಲವಾಗಿಸಿ, ಒಂದೊಂದನ್ನೂ ತೂಗುಬಿಟ್ಟರೆ ಅವು ಎದೆಯ ಮೇಲೆ ತಾವಾಗಿ ನೇರಕ್ಕೆ ಬೀಳುತ್ತವೆ.

ತೋಪುತೆನೆಯ ಸೆರಗಿನಲ್ಲಿ ಸಾಮಾನ್ಯವಾಗಿ ಮೂರು ಕೆಂಪು ಪಟ್ಟೆಗಳು, ಅವುಗಳ ನಡುವೆ ಎರಡು ಬಿಳಿ ಪಟ್ಟೆಗಳು ಇರುತ್ತವೆ. ಸೆರಗಿನ ಕೊನೆಯ ಚಿತ್ತಾರದಲ್ಲಿ ಹಣಿಗೆ, ಕೋಟೆ ಕಮ್ಮಲಿ, ಜೋಳದ ತೆನೆಯಂಥ ತೋಪುತೆನೆ, ಬೆಟ್ಟಸಾಲಿನಂಥ ರಂಪ ಎಂಬ ಬಗೆಗಳಿವೆ. ಇವುಗಳ ಸೊಬಗಿರುವುದು ಕೆಂಪು ಬಿಳಿಗಳ ಸರಿಸಮನಾದ ಒಗ್ಗೂಡಿಕೆಯಲ್ಲಿ. ಕೆಂಪು ಹಲ್ಲು ಎಷ್ಟು ಅಗಲವೋ ಅದರ ಪಕ್ಕದ ಬಿಳಿಯೂ ಹೆಚ್ಚುಕಡಿಮೆ ಅಷ್ಟೇ ಅಗಲ. ಆದ್ದರಿಂದ ಲೋಹದಲ್ಲಿ ಹಲ್ಲಿನಷ್ಟೇ ಅಗಲದ ಖಾಲಿ ಜಾಗವನ್ನು ಬಿಡಿ, ಹವಳ ಅಥವಾ ಕೆಂಪು ಮೀನಾ (ಲೋಹದ ಮೇಲೆ ಕರಗಿಸಿ ಕೂರಿಸುವ ಗಾಜಿನ ಬಣ್ಣ) ತುಂಬುವುದಾದರೂ ಇದೇ ಅಳತೆ ಇರಲಿ. ಖಾಲಿ ಜಾಗ ಕಿರಿದಾದರೆ ಹಾರ ತುಂಬಿದಂತೆ ಕಂಡೀತು, ಆದರೆ ತೆನೆ ಕಾಣದು.

ಇಳಕಲ್ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವುದನ್ನು ತಾವು ನಿಮ್ಮ ಊರಿನ ಸುತ್ತಮುತ್ತಲೇ ನೋಡಿರುತ್ತೀರಿ. ಎರಡು ಬೇರೆ ವಸ್ತುಗಳು ಹೊಲಿಗೆಯಿಲ್ಲದೆ ಕೂಡುವ ಆ ಬಗೆಯನ್ನು ಹಾರದ ಸರಪಳಿಗೂ ತೆನೆಯ ಭಾಗಕ್ಕೂ ನಡುವೆ ತಾವು ತರಲು ಸಾಧ್ಯವಾದರೆ, ಅದು ಬರೀ ಹಲ್ಲಿನ ನಕಲಿಗಿಂತ ಆಳವಾದ ಕೆಲಸವಾಗುತ್ತದೆ.

ಪ್ರಶ್ನೆ: ಸೀರೆಯ ಮೇಲಿನ ಮಾವಿನಕಾಯಿ ಬುಟ್ಟಾವನ್ನು ಅಂಗಡಿಗಳಲ್ಲಿ ‘ಪೇಸ್ಲಿ’ ಎನ್ನುತ್ತಾರೆ. ನಮ್ಮ ಅತ್ತೆಯವರ ಮಾವಿನಕಾಯಿ ಸರದಲ್ಲೂ ಇದೇ ಆಕಾರವಿದೆ. ಇದು ವಿದೇಶದಿಂದ ಬಂದ ಚಿತ್ತಾರವೇ? — ಗೃಹಿಣಿ, ಮೈಸೂರು

ಪೇಸ್ಲಿ ಎಂಬುದು ಸ್ಕಾಟ್ಲೆಂಡಿನ ಒಂದು ಊರು. ಕಾಶ್ಮೀರದ ಶಾಲುಗಳಿಗೆ ಯುರೋಪಿನಲ್ಲಿ ಬೇಡಿಕೆ ಹೆಚ್ಚಿದಾಗ, 19ನೆಯ ಶತಮಾನದಲ್ಲಿ, ಅವುಗಳ ಅನುಕರಣೆಯನ್ನು ಮಗ್ಗದಲ್ಲಿ ನೇಯ್ದು ಮಾರಿದ ಊರಿನ ಹೆಸರು ಚಿತ್ತಾರಕ್ಕೆ ಅಂಟಿಕೊಂಡಿತು. ಚಿತ್ತಾರ ಅಲ್ಲಿ ಹುಟ್ಟಿದ್ದಲ್ಲ. 17ನೆಯ ಶತಮಾನದ ಕಾಶ್ಮೀರಿ ಶಾಲುಗಳಲ್ಲಿ ಅದು ನೆಟ್ಟಗೆ ನಿಂತ, ಹೂ ಬಿಟ್ಟ ಒಂದು ಗಿಡ. ಮುಂದೆ ಆ ಗಿಡ ದಟ್ಟವಾಗಿ ಹೂಗೊಂಚಲಾಯಿತು, ತುದಿ ಒಂದು ಕಡೆ ಬಾಗಿತು, ಹೊರಗೆ ಒಂದು ಗೆರೆ ಸುತ್ತುಗಟ್ಟಿತು. ಇರಾನಿನ ಬಟ್ಟೆಗಳಲ್ಲೂ ಇದರ ಬಳಗದ ಆಕಾರಗಳಿವೆ.

ದಕ್ಷಿಣದ ಮಾವಿನಕಾಯಿ ಸರದಲ್ಲಿ ಬಾಗಿದ ತುದಿಯ ಚಿನ್ನದ ಮಾವಿನಕಾಯಿಗಳನ್ನು ಸಾಲಾಗಿ ಕೋದು, ಒಳಗೆ ಕೆಂಪು ಕಲ್ಲುಗಳನ್ನು ಕೂರಿಸಿರುತ್ತಾರೆ. ಶಾಲು ಮತ್ತು ಸರ ಎರಡರಲ್ಲೂ ಆಕಾರದ ಹೊಟ್ಟೆ ತುಂಬಿರುತ್ತದೆ, ಒಂದರಲ್ಲಿ ಹೂಗಳಿಂದ, ಇನ್ನೊಂದರಲ್ಲಿ ಕಲ್ಲುಗಳಿಂದ. ಈಗಿನ ಹಗುರ ಒಡವೆಗಳಲ್ಲಿ ಹೊರಗೆರೆಯನ್ನು ಮಾತ್ರ ಉಳಿಸಿ ಒಳಗನ್ನು ಖಾಲಿ ಬಿಡುವುದು ರೂಢಿಯಾಗುತ್ತಿದೆ. ನನಗದು ಒಪ್ಪಿಗೆಯಿಲ್ಲ. ಚಿನ್ನ ದುಬಾರಿಯೆಂಬುದು ನಿಜ, ಹಾಗೆಂದು ಒಳಗೆ ಒಂದು ಸಣ್ಣ ಬಳ್ಳಿಯನ್ನಾದರೂ ಕೆತ್ತಲು ಹೆಚ್ಚು ಚಿನ್ನ ಬೇಕಾಗುವುದಿಲ್ಲ. ನಿಮ್ಮ ಅತ್ತೆಯವರ ಸರವನ್ನು ಕರಗಿಸಿ ಹೊಸದು ಮಾಡಿಸುವ ಆಲೋಚನೆಯಿದ್ದರೆ ದಯವಿಟ್ಟು ಕೈಬಿಡಿ.

ಪ್ರಶ್ನೆ: ಪಟೋಲ ಸೀರೆಯ ಆನೆಯನ್ನು ಓಲೆಗೆ ತರಬೇಕೆಂದಿದ್ದೇನೆ. ಅದಕ್ಕೂ ಗ್ರಾಫ್ ಹಾಳೆಯ ಲೆಕ್ಕ ಸಾಕೇ? — ಕಿರು ಉದ್ಯಮಿ, ಬೆಂಗಳೂರು

ಸಾಲದು. ಗುಜರಾತಿನ ಪಾಟಣದ ಪಟೋಲದಲ್ಲಿ ಹಾಸು ಮತ್ತು ಹೊಕ್ಕು ಎರಡನ್ನೂ ನೇಯುವ ಮೊದಲೇ ಅಲ್ಲಲ್ಲಿ ಕಟ್ಟಿ ಬಣ್ಣದಲ್ಲಿ ಅದ್ದಿರುತ್ತಾರೆ, ಮಗ್ಗದ ಮೇಲೆ ಎರಡರ ಬಣ್ಣಗಳೂ ಒಂದರ ಮೇಲೊಂದು ಕೂಡಿಬರಬೇಕು. ಎಳೆಗಳು ಕೂದಲಿನಷ್ಟು ಸರಿದರೂ ಅಂಚು ಮಸುಕಾಗುತ್ತದೆ, ಆ ಮಸುಕೇ ಪಟೋಲದ ಗುರುತು. ಲೋಹದ ಅಂಚಾದರೋ ಹುಟ್ಟಾ ಹರಿತ. ಆನೆಯನ್ನು ತಗಡಿನಲ್ಲಿ ಕತ್ತರಿಸಿ ತೆಗೆಯುವ ಬದಲು ಅಂಚಿನ ಕಡೆ ಸಣ್ಣ ಗೆರೆಗಳನ್ನು ಬರಬರುತ್ತ ವಿರಳವಾಗುವಂತೆ ಕೆತ್ತಿಸಿ ನೋಡಿ, ಅಥವಾ ಒಂದೇ ಬಣ್ಣದ ಗಾಢ, ತಿಳಿ ಛಾಯೆಗಳ ಚೌಕ ಕಲ್ಲುಗಳನ್ನು ಅಂಚಿಗೆ ಕೂರಿಸಿ. ಪಟೋಲದ ಹಳೆಯ ವಿನ್ಯಾಸಗಳಲ್ಲಿ ‘ನವರತ್ನ ಭಾತ್’ ಎಂಬುದೊಂದಿದೆ. ಬಟ್ಟೆಯೇ ಒಡವೆಯ ಕಡೆ ನೋಡಿ ಹೆಸರು ಪಡೆದ ವಿನ್ಯಾಸ ಅದಾದ್ದರಿಂದ, ಆನೆಗಿಂತ ಮೊದಲು ಅದನ್ನು ಪ್ರಯತ್ನಿಸುವಂತೆ ಸೂಚಿಸುತ್ತೇನೆ.

ಪ್ರಶ್ನೆ: ಕಸೂತಿ ಮತ್ತು ಇಳಕಲ್ ಸೀರೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆಯಲ್ಲ, ಅವುಗಳ ಚಿತ್ತಾರಗಳನ್ನು ಒಡವೆಯಲ್ಲಿ ಬಳಸಿದರೆ ಕಾನೂನಿನ ತೊಡಕಾಗುವುದೇ? ನನ್ನ ವಿನ್ಯಾಸವನ್ನು ಬೇರೆಯವರು ನಕಲು ಮಾಡದಂತೆ ತಡೆಯಬಹುದೇ? — ಓದುಗರು, ಹುಬ್ಬಳ್ಳಿ

1999ರ ಭೌಗೋಳಿಕ ಸೂಚಕಗಳ ಕಾಯ್ದೆ ಕಾಯುವುದು ನೋಂದಾಯಿತ ಸರಕಿನ ಹೆಸರನ್ನು. ಗೋಪುರ, ತೇರು, ತುಳಸಿಕಟ್ಟೆಗಳ ಆಕಾರ ತಲೆಮಾರುಗಳಿಂದ ಎಲ್ಲರದೂ ಆಗಿರುವುದರಿಂದ ಅದನ್ನು ಬೆಳ್ಳಿಯಲ್ಲಿ ಮಾಡುವುದನ್ನು ಆ ಕಾಯ್ದೆ ತಡೆಯುವುದಿಲ್ಲ. ಆದರೆ ಬೆಳ್ಳಿಯ ಪದಕದ ಪೆಟ್ಟಿಗೆಯ ಮೇಲೆ ಭೌಗೋಳಿಕ ಸೂಚಕ ಪಡೆದ ಕಸೂತಿ ಎಂದು ಬರೆಯುವಂತಿಲ್ಲ, ಅದು ಕೊಳ್ಳುವವರಿಗೂ ಕಸೂತಿ ಹಾಕುವವರಿಗೂ ಮಾಡುವ ಮೋಸ. ‘ಕಸೂತಿಯ ಗೋಪುರದಿಂದ ರೂಪಿಸಿದ್ದು’ ಎಂದು ನೇರವಾಗಿ ಬರೆಯಿರಿ.

ನಿಮ್ಮ ಒಡವೆಯ ವಿನ್ಯಾಸ ಹೊಸದಾಗಿದ್ದರೆ ಅದನ್ನು 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದು. ರಕ್ಷಣೆ ಮೊದಲು 10 ವರ್ಷ, ಅನಂತರ ಇನ್ನೂ 5 ವರ್ಷ ವಿಸ್ತರಿಸಬಹುದು. ಅರ್ಜಿ ಹಾಕುವ ಮೊದಲೇ ವಿನ್ಯಾಸವನ್ನು ಪ್ರಕಟಿಸಿಬಿಟ್ಟರೆ ಹೊಸತನದ ಹಕ್ಕು ಕೈತಪ್ಪುತ್ತದೆ, ಆದ್ದರಿಂದ ಇನ್‌ಸ್ಟಾಗ್ರಾಮಿನಲ್ಲಿ ಚಿತ್ರ ಹಾಕುವ ಆತುರ ಬೇಡ. ಹಳೆಯ ಗೋಪುರದ ಮೇಲೆ ಯಾರಿಗೂ ಒಡೆತನ ಸಿಗುವುದಿಲ್ಲ, ಸಿಗಲೂಬಾರದು.

ನೀವು ಕೇಳದ ಒಂದು ಮಾತನ್ನು ಇಲ್ಲಿ ಸೇರಿಸಬೇಕೆನಿಸುತ್ತದೆ. ಒಬ್ಬ ಕಸೂತಿ ಕಲಾವಿದೆ ಹಳೆಯ ಘಟಕಗಳನ್ನು ಹೊಸ ರೀತಿಯಲ್ಲಿ ಜೋಡಿಸಿ ತಾವೇ ರಚಿಸಿದ ಚಿತ್ತಾರವನ್ನು ನೀವು ಬಳಸುವುದಾದರೆ, ಅದು ಅವರ ಕೃತಿ. ಅವರ ಒಪ್ಪಿಗೆ ಪಡೆಯಿರಿ, ಹಣ ಕೊಡಿ, ಒಡವೆಯ ಜೊತೆಗಿನ ಚೀಟಿಯಲ್ಲಿ ಅವರ ಹೆಸರನ್ನೂ ಅಚ್ಚು ಮಾಡಿಸಿ. ವಿನ್ಯಾಸ ರೂಪಿಸುವ ಹಂತದಲ್ಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಎಷ್ಟು ಮನೆ ಬಿಡಬೇಕು, ಎಲ್ಲಿ ತಿರುಗಬೇಕು ಎಂಬುದನ್ನು ಅವರಷ್ಟು ಬೇಗ ಬೇರೆ ಯಾರೂ ಹೇಳಲಾರರು.

ಪ್ರಶ್ನೆ: ಮಗಳ ಮದುವೆಗೆ ಪೈಠಣಿ ಕೊಂಡಿದ್ದೇವೆ. ಅದರ ಸೆರಗಿನ ನವಿಲಿಗೆ ಹೊಂದುವಂತೆ ನವಿಲಿನ ಒಡವೆ ಮಾಡಿಸಬೇಕೆಂದು ಅವಳ ಆಸೆ. ಹೇಗಿರಬೇಕು? — ಕನ್ನಡತಿ, ಪುಣೆ

ಪೈಠಣಿಯಲ್ಲಿ ‘ಬಾಂಗಡಿ ಮೋರ್’ ಎಂಬ ಪ್ರಸಿದ್ಧ ಚಿತ್ತಾರವಿದೆ. ಬಳೆಯ ದುಂಡಿನೊಳಗೆ ನವಿಲು ನಿಂತಿರುವ ಚಿತ್ತಾರ ಅದು, ಅಂದರೆ ನೇಕಾರರು ಒಡವೆಯನ್ನು ಆಗಲೇ ಸೀರೆಗೆ ತಂದಿದ್ದಾರೆ. ನಿಮ್ಮ ಸೀರೆಯಲ್ಲಿ ಅದೇ ಇದ್ದರೆ ಹಾರ, ಓಲೆ, ಬಳೆ ಎಲ್ಲದರಲ್ಲೂ ನವಿಲು ಬೇಡ. ಒಂದು ಜೊತೆ ಕಡಗದಲ್ಲಿ ಮಾತ್ರ ನವಿಲು ಇರಲಿ, ಕೊರಳಿಗೆ ಸರಳವಾದ ಗುಂಡಿನ ಸರ ಸಾಕು. ಬಣ್ಣ ಕೊಡಿಸುವುದಾದರೆ ಸೀರೆಯನ್ನು ಜೊತೆಗೊಯ್ದು ಹಗಲು ಬೆಳಕಿನಲ್ಲಿ ಮೀನಾದ ಹಸಿರು ನೀಲಿಗಳನ್ನು ಹೋಲಿಸಿ. ಅಂಗಡಿಯ ದೀಪದಲ್ಲಿ ಎಲ್ಲ ಹಸಿರೂ ಒಂದೇ.

ನವಿಲಿನ ಕೊಕ್ಕು, ಜುಟ್ಟು, ಕಾಲುಗುರುಗಳು ಜರಿಯ ಎಳೆಯನ್ನು ಎಳೆದು ಹಾಳುಮಾಡುವ ಭಯವಿರುತ್ತದೆ. ಸೆರಗು ದಿನವಿಡೀ ಕೈಗೆ ತಾಗುತ್ತಿರುವುದರಿಂದ ಕಡಗದಲ್ಲಿ ಈ ಭಯ ಇನ್ನೂ ಹೆಚ್ಚು. ಒಡವೆಯನ್ನು ಮನೆಗೆ ತರುವ ಮೊದಲು ಅಕ್ಕಸಾಲಿಗರ ಎದುರಿನಲ್ಲೇ ಒಂದು ಹಳೆಯ ರೇಷ್ಮೆ ರವಿಕೆಯ ತುಂಡಿನ ಮೇಲೆ ಅದನ್ನು ಎಲ್ಲ ದಿಕ್ಕಿಗೂ ಸವರಿ ನೋಡಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆಯೋ ಆ ತುದಿಯನ್ನು ಅಲ್ಲಿಯೇ ಅರದಿಂದ ದುಂಡಗೆ ಮಾಡಿಸಿಕೊಳ್ಳಿ. ಕಲ್ಲು ಕೂರಿಸಿದ ಹಿಡಿಕೆಗಳನ್ನೂ ಬೆರಳಿನಿಂದ ಮುಟ್ಟಿ ಪರೀಕ್ಷಿಸುವುದನ್ನು ಮರೆಯಬೇಡಿ.